ಒಗ್ಗಟ್ಟು, ಸಂಧಾನ ಮತ್ತು ಒಂದು ಹಳೆಯ ಉತ್ತರಪತ್ರಿಕೆ

ಕಳೆದ ಮಳೆಗಾಲದಲ್ಲಿ ನಮ್ಮ ಹೇರೂರಿನ ಮನೆಯೊಂದರ ಜಗಲಿಯಲ್ಲಿ ‘ಕೃಷ್ಣ ಸಂಧಾನ’ದ ತಾಳಮದ್ದಲೆ ಏರ್ಪಾಡಾಗಿತ್ತು. ಹೊರಗೆ ಎಡೆಬಿಡದ ಮಳೆ. ಕರೆಂಟು ಎರಡು ಸಲ ಹೋಯಿತು, ಭಾಗವತರು ಪದ್ಯ ನಿಲ್ಲಿಸಲಿಲ್ಲ. ಕೌರವನ ಅರ್ಥ ಹೇಳುತ್ತಿದ್ದವರು ಕೃಷ್ಣನಿಗೆ ಹಾಕಿದ ಪ್ರಶ್ನೆಯೊಂದು ಮನಸ್ಸಿನಲ್ಲಿ ಉಳಿಯಿತು. ‘ನೀನು ಪಾಂಡವರ ನೆಂಟ, ಅವರ ಹಿತೈಷಿ. ನೀನು ತಂದ ಮಾತನ್ನು ನಾನು ಸಂಧಾನವೆಂದು ಕೇಳಲೋ, ಬೆದರಿಕೆಯೆಂದು ಕೇಳಲೋ?’ ಸಭೆಯಲ್ಲಿ ಭೀಷ್ಮ, ದ್ರೋಣ, ವಿದುರರೆಲ್ಲ ಯುದ್ಧ ಬೇಡವೆಂಬ ಮಾತಿನಲ್ಲಿ ಒಂದಾಗಿದ್ದರು. ಆದರೂ ಯುದ್ಧವಾಯಿತು. ಭೀಷ್ಮ ದ್ರೋಣರಂತೂ ಕೌರವನ ಪರವಾಗಿಯೇ ರಥವೇರಿದರು.

ಮನೆಗೆ ಬಂದು ಮಲಗಿದರೂ ನಿದ್ರೆ ಬರಲಿಲ್ಲ. ಬಹಳ ವರ್ಷಗಳ ಹಿಂದಿನ ಒಂದು ಉತ್ತರಪತ್ರಿಕೆ ನೆನಪಾಯಿತು.

ಹತ್ತನೆಯ ತರಗತಿಗೆ ವಿಶ್ವಸಂಸ್ಥೆಯ ಪಾಠ ಮಾಡುವಾಗಲೆಲ್ಲ ನಾನು ಒಂದು ನಾಲ್ಕು ಅಂಕದ ಪ್ರಶ್ನೆ ಕೇಳುತ್ತಿದ್ದೆ: ‘ರಾಷ್ಟ್ರಗಳ ಒಗ್ಗಟ್ಟಿನಿಂದ ಯುದ್ಧವನ್ನು ತಡೆಯಬಹುದೇ? ಉದಾಹರಣೆಯೊಂದಿಗೆ ವಿವರಿಸಿ.’ ನಿರೀಕ್ಷಿತ ಉತ್ತರ ನಿಮಗೆಲ್ಲ ಬಾಯಿಪಾಠವಿದೆ. 1931ರಲ್ಲಿ ಜಪಾನು ಮಂಚೂರಿಯವನ್ನೂ 1935ರಲ್ಲಿ ಇಟಲಿ ಅಬಿಸೀನಿಯವನ್ನೂ ಆಕ್ರಮಿಸಿದಾಗ ರಾಷ್ಟ್ರಸಂಘದ ಸದಸ್ಯರು ಒಗ್ಗಟ್ಟಾಗಲಿಲ್ಲ, ಇಟಲಿಯ ಮೇಲೆ ಆರ್ಥಿಕ ದಿಗ್ಬಂಧನ ಹಾಕಿದರೂ ಎಣ್ಣೆಯನ್ನು ಅದರಿಂದ ಹೊರಗಿಟ್ಟರು, ಸೂಯೆಜ್ ಕಾಲುವೆಯನ್ನು ಮುಚ್ಚಲಿಲ್ಲ, ಆದ್ದರಿಂದ ಎರಡನೆಯ ಮಹಾಯುದ್ಧವಾಯಿತು, ಒಗ್ಗಟ್ಟಿದ್ದರೆ ಆಗುತ್ತಿರಲಿಲ್ಲ. ಹೀಗೆ ಬರೆದವರಿಗೆ ನಾನು ಧಾರಾಳವಾಗಿ ಅಂಕ ಕೊಟ್ಟಿದ್ದೇನೆ.

ಒಬ್ಬ ವಿದ್ಯಾರ್ಥಿ ಮಾತ್ರ ಬೇರೆಯೇ ಬರೆದ. ಕೊರಿಯದಲ್ಲಿ ಎಲ್ಲರೂ ಒಗ್ಗಟ್ಟಾಗಿದ್ದರು, ಅದರಿಂದಲೇ ಯುದ್ಧ ದೊಡ್ಡದಾಯಿತು ಎಂಬುದು ಅವನ ಉತ್ತರದ ಸಾರ. ನಾನು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ನಾಲ್ಕಕ್ಕೆ ಒಂದು ಕೊಟ್ಟೆ. ‘ಪ್ರಶ್ನೆಯನ್ನು ಸರಿಯಾಗಿ ಓದು’ ಎಂದು ಪಕ್ಕದಲ್ಲಿ ಬರೆದೆ. ನಿಜ ಹೇಳಬೇಕೆಂದರೆ ಆಗ ಕೊರಿಯ ಯುದ್ಧದ ವಿಷಯ ನನಗೂ ಪಠ್ಯಪುಸ್ತಕದ ನಾಲ್ಕು ಸಾಲಿಗಿಂತ ಹೆಚ್ಚು ಗೊತ್ತಿರಲಿಲ್ಲ. ನಿವೃತ್ತಿಯ ನಂತರ ಓದಲು ಬಿಡುವಾದಾಗ, ಆ ಯುದ್ಧದ ಕಥೆಯಲ್ಲಿ ನಮ್ಮ ಕನ್ನಡ ನಾಡಿನ ಇಬ್ಬರು ಮುಖ್ಯ ಪಾತ್ರಧಾರಿಗಳಿದ್ದಾರೆಂದು ತಿಳಿದು ಬೆರಗಾಯಿತು.

ಮೊದಲನೆಯವರು ಮಂಗಳೂರು ಕಡೆಯ ಬೆನಗಲ್ ನರಸಿಂಗ ರಾವ್. ನಮ್ಮ ಸಂವಿಧಾನ ಸಭೆಯ ಸಲಹೆಗಾರರಾಗಿದ್ದವರು ಇವರೇ. 1950ರಲ್ಲಿ ಅವರು ಭದ್ರತಾ ಮಂಡಳಿಯಲ್ಲಿ ಭಾರತದ ಪ್ರತಿನಿಧಿ. ಮಂಡಳಿಯ ಅಧ್ಯಕ್ಷ ಪದವಿ ತಿಂಗಳಿಗೊಂದು ದೇಶದಂತೆ ಸುತ್ತುತ್ತದೆ. ಆ ಜೂನ್ ತಿಂಗಳ ಸರದಿ ಭಾರತದ್ದು. ಜೂನ್ 25ರ ಭಾನುವಾರ ಉತ್ತರ ಕೊರಿಯದ ಸೇನೆ 38ನೇ ಅಕ್ಷಾಂಶವನ್ನು ದಾಟಿತೆಂಬ ಸುದ್ದಿ ಬಂದಾಗ ತುರ್ತು ಸಭೆಯ ಅಧ್ಯಕ್ಷತೆ ವಹಿಸಿದ್ದವರು ಈ ಮಿತಭಾಷಿ ನ್ಯಾಯವೇತ್ತರು. ಯುದ್ಧ ನಿಲ್ಲಿಸಿ ಹಿಂದೆ ಸರಿಯಬೇಕೆಂಬ ಗೊತ್ತುವಳಿಯ ಪರವಾಗಿ ಒಂಬತ್ತು ಮತ ಬಿದ್ದವು, ವಿರೋಧ ಒಂದೂ ಇಲ್ಲ, ಯುಗೊಸ್ಲಾವಿಯ ತಟಸ್ಥ. ಇದಕ್ಕಿಂತ ಹೆಚ್ಚಿನ ಒಗ್ಗಟ್ಟು ಎಲ್ಲಿಂದ ಬರಬೇಕು?

ಆದರೆ ಮಂಡಳಿಯಲ್ಲಿ ಹನ್ನೊಂದು ಕುರ್ಚಿಗಳಿದ್ದವು. ಹನ್ನೊಂದನೆಯದು, ಅಂದರೆ ಸೋವಿಯತ್ ರಷ್ಯದ್ದು, ಖಾಲಿ. ಚೀನದ ಸ್ಥಾನವನ್ನು ಪೀಕಿಂಗಿನ ಹೊಸ ಸರಕಾರಕ್ಕೆ ಕೊಡದೆ ತೈವಾನಿನಲ್ಲಿ ಕುಳಿತವರಿಗೇ ಉಳಿಸಿದ್ದನ್ನು ಪ್ರತಿಭಟಿಸಿ ರಷ್ಯವು ಜನವರಿಯಿಂದಲೇ ಸಭೆ ಬಹಿಷ್ಕರಿಸಿತ್ತು. ನಮ್ಮೂರ ಕಡೆ ಸೊಪ್ಪಿನಬೆಟ್ಟದ ಗಡಿ ತಕರಾರಿಗೆ ಪಂಚಾಯತಿಕೆ ಸೇರಿದಾಗ ಹೀಗಾಗುವುದುಂಟು. ತಕರಾರಿನವನು ಸಿಟ್ಟು ಮಾಡಿ ಬಾರದಿದ್ದರೆ ಉಳಿದವರ ತೀರ್ಮಾನ ಸರ್ವಾನುಮತದ್ದಾಗಿ ಸುಲಭವಾಗಿ ಮುಗಿಯುತ್ತದೆ. ಮರುದಿನ ಬೆಳಿಗ್ಗೆ ಬೇಲಿ ಅಲ್ಲಿಯೇ ಇರುತ್ತದೆ. ಎರಡು ದಿನಗಳ ನಂತರ ದಕ್ಷಿಣ ಕೊರಿಯಕ್ಕೆ ಸೈನಿಕ ನೆರವು ನೀಡಬೇಕೆಂಬ ಗೊತ್ತುವಳಿ ಬಂದಾಗ ದೆಹಲಿಯ ಸೂಚನೆ ಕೈಸೇರದೆ ರಾಯರು ಮತದಾನದಲ್ಲಿ ಭಾಗವಹಿಸಲಿಲ್ಲ. ಆಮೇಲೆ ಭಾರತ ಅದನ್ನು ಒಪ್ಪಿಕೊಂಡಿತು. ಸೈನ್ಯ ಕಳಿಸದೆ ವೈದ್ಯಕೀಯ ದಳವೊಂದನ್ನು ಕಳಿಸಿತು. ಹದಿನಾರು ದೇಶಗಳ ಸೈನಿಕರು ವಿಶ್ವಸಂಸ್ಥೆಯ ಧ್ವಜದಡಿಯಲ್ಲಿ ಕಾದಿದರು.

ಜೂನ್ 25ಕ್ಕೆ ಮೊದಲೇ ರಾಷ್ಟ್ರಗಳು ಒಂದಾಗಿದ್ದರೆ ಯುದ್ಧ ತಪ್ಪುತ್ತಿತ್ತೇ? ತಪ್ಪುತ್ತಿರಲಿಲ್ಲವೆಂದೇ ನನ್ನ ತೀರ್ಮಾನ. 1990ರ ದಶಕದಲ್ಲಿ ಮಾಸ್ಕೋದ ಹಳೆಯ ಕಡತಗಳು ತೆರೆದ ಮೇಲೆ ತಿಳಿದುಬಂದಂತೆ, ಆ ವಸಂತದಲ್ಲಿಯೇ ಕಿಮ್ ಇಲ್ ಸುಂಗ್ ಸ್ಟಾಲಿನನ ಒಪ್ಪಿಗೆ ಪಡೆದಾಗಿತ್ತು. ತಡೆಯಬೇಕಾದವರಲ್ಲಿ ಒಬ್ಬನೇ ಹೂಂ ಎಂದ ಮೇಲೆ ಒಗ್ಗಟ್ಟಿನ ಮಾತೆಲ್ಲಿ ಬಂತು?

ನಿಜವಾದ ಅವಕಾಶ ಬಂದದ್ದು ಅಕ್ಟೋಬರಿನಲ್ಲಿ. ಅಷ್ಟರಲ್ಲಿ ಯುದ್ಧದ ಗತಿ ತಿರುಗಿ ಉತ್ತರ ಕೊರಿಯದ ಸೇನೆ ಹಿಂದೆ ಸರಿದಿತ್ತು. ಆಕ್ರಮಣವನ್ನು ಹಿಮ್ಮೆಟ್ಟಿಸಿದ್ದಾಯಿತು; ಇನ್ನು 38ನೇ ಅಕ್ಷಾಂಶದಲ್ಲಿ ನಿಲ್ಲಬೇಕೇ, ದಾಟಿ ಹೋಗಬೇಕೇ ಎಂಬುದು ಪ್ರಶ್ನೆ. ಅಕ್ಟೋಬರ್ 2ರ ನಡುರಾತ್ರಿ ಕಳೆದ ಮೇಲೆ ಚೀನದ ಪ್ರಧಾನಿ ಚೌ ಎನ್‌ಲಾಯ್ ಪೀಕಿಂಗಿನಲ್ಲಿದ್ದ ಭಾರತದ ರಾಯಭಾರಿ ಸರ್ದಾರ್ ಕೆ. ಎಂ. ಪಣಿಕ್ಕರರನ್ನು ಕರೆಸಿಕೊಂಡು, ಅಮೆರಿಕದ ಸೇನೆ ಆ ಗೆರೆ ದಾಟಿದರೆ ಚೀನ ಯುದ್ಧಕ್ಕಿಳಿಯುತ್ತದೆ ಎಂದು ತಿಳಿಸಿದರು. ಪಣಿಕ್ಕರರು ದೆಹಲಿಗೆ ತಂತಿ ಕಳಿಸಿದರು. ದೆಹಲಿಯಿಂದ ಅದು ಲಂಡನ್, ವಾಷಿಂಗ್ಟನ್‌ಗಳನ್ನು ಮುಟ್ಟಿತು.

ವಾಷಿಂಗ್ಟನ್ ನಂಬಲಿಲ್ಲ. ಪಣಿಕ್ಕರರು ಚೀನದ ಕಡೆ ಒಲವುಳ್ಳವರು, ಅವರ ಮಾತು ಬೆದರಿಕೆಯೇ ಹೊರತು ಸಂಧಾನವಲ್ಲ ಎಂದು ಅಲ್ಲಿಯವರು ಭಾವಿಸಿದರು. ನಮ್ಮೂರ ಜಗಲಿಯಲ್ಲಿ ಕೌರವ ಎತ್ತಿದ ಸಂಶಯ ಇದಕ್ಕಿಂತ ಬೇರೆಯದೇನಲ್ಲ. ಅಕ್ಟೋಬರ್ 7ರಂದು ಸಾಮಾನ್ಯ ಸಭೆಯು ಕೊರಿಯವನ್ನೆಲ್ಲ ಏಕೀಕರಿಸುವ ಗೊತ್ತುವಳಿಯನ್ನು ಭಾರೀ ಬಹುಮತದಿಂದ ಅಂಗೀಕರಿಸಿತು. ಭಾರತ ಬೆಂಬಲಿಸಲಿಲ್ಲ. ಸೇನೆ ಗೆರೆ ದಾಟಿತು. ಅದೇ ತಿಂಗಳಲ್ಲಿ ಚೀನದ ಸೈನಿಕರು ಯಾಲು ನದಿಯನ್ನು ದಾಟಿ ಬಂದರು. ಕೆಲವೇ ತಿಂಗಳಲ್ಲಿ ಮುಗಿಯಬಹುದಾಗಿದ್ದ ಯುದ್ಧ 1953ರ ಜುಲೈ 27ರವರೆಗೆ ನಡೆಯಿತು. ಲಕ್ಷಾಂತರ ಜನ ಸತ್ತರು. ಗಡಿ ಮಾತ್ರ ಹೆಚ್ಚುಕಡಿಮೆ ಹೊರಟಲ್ಲಿಗೇ ಬಂದು ನಿಂತಿತು.

ಬಹುಮತ ಆ ದಿನ ಬೇಕಾದಷ್ಟಿತ್ತು. ಬಹುಮತಕ್ಕೆ ಸೇರದವನು ಹೊತ್ತು ತಂದ ಸುದ್ದಿಯನ್ನು ಕೇಳುವ ವ್ಯವಧಾನ ಇರಲಿಲ್ಲ. ಒಗ್ಗಟ್ಟಿನ ಪಾಠ ಮಾಡುವಾಗ ಈ ಭಾಗವನ್ನು ನಾನು ಎಂದೂ ಹೇಳಿಕೊಡಲಿಲ್ಲ. ಪಣಿಕ್ಕರರ ಮಾತನ್ನು ನಂಬಿದ್ದರೆ ಎಲ್ಲವೂ ಸರಿಯಾಗುತ್ತಿತ್ತು ಎಂದು ಪ್ರಮಾಣ ಮಾಡಲಾರೆ. ಆದರೆ ಗೆರೆಯ ಬಳಿ ನಾಲ್ಕು ವಾರ ನಿಂತು ನೋಡಿದ್ದರೆ ಕಳೆದುಕೊಳ್ಳುವುದೇನಿತ್ತು?

ಡಿಸೆಂಬರಿನಲ್ಲಿ ಕದನವಿರಾಮದ ದಾರಿ ಹುಡುಕಲು ಮೂವರ ಸಮಿತಿಯಾಯಿತು: ಇರಾನಿನ ಎಂತೆಜಾಮ್, ಕೆನಡದ ಪಿಯರ್ಸನ್, ನಮ್ಮ ರಾಯರು. ಆಗ ಒಪ್ಪದಿದ್ದದ್ದು ಚೀನ. ಗೆಲ್ಲುತ್ತಿರುವವನಿಗೆ ಸಂಧಾನ ರುಚಿಸುವುದಿಲ್ಲ, ಅವನು ಯಾವ ಪಕ್ಷದವನೇ ಆಗಿರಲಿ. 1951ರ ಫೆಬ್ರುವರಿ 1ರಂದು ಚೀನವನ್ನು ಆಕ್ರಮಣಕಾರಿಯೆಂದು ಘೋಷಿಸುವ ಗೊತ್ತುವಳಿ ಬಂದಾಗ ಭಾರತ ವಿರುದ್ಧ ಮತ ಹಾಕಿತು. ಸೋವಿಯತ್ ಬಣವನ್ನು ಬಿಟ್ಟರೆ ಜೊತೆಗಿದ್ದದ್ದು ಬರ್ಮಾ ಒಂದೇ. ರಾಯರು ಮುಂದೆ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. 1953ರ ನವೆಂಬರಿನಲ್ಲಿ ತೀರಿಕೊಂಡರು.

ಎರಡನೆಯವರು ಮಡಿಕೇರಿಯ ಜನರಲ್ ತಿಮ್ಮಯ್ಯ. ಸಂಧಾನದ ಮಾತುಕತೆ 1951ರಲ್ಲಿ ಆರಂಭವಾದರೂ, ಊರಿಗೆ ಮರಳಲೊಲ್ಲದ ಯುದ್ಧಕೈದಿಗಳನ್ನು ಏನು ಮಾಡಬೇಕೆಂಬ ಒಂದೇ ಪ್ರಶ್ನೆಯಲ್ಲಿ ಬಹುಕಾಲ ಸಿಕ್ಕಿಬಿದ್ದಿತ್ತು. ಕೊನೆಗೆ ಭಾರತದ ಸೂಚನೆಯೇ ಒಪ್ಪಂದಕ್ಕೆ ದಾರಿಯಾಯಿತು. ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಜೆಕೊಸ್ಲೊವಾಕಿಯಗಳ ಜೊತೆಗೆ ಭಾರತ ಸೇರಿದ ಆಯೋಗಕ್ಕೆ ತಿಮ್ಮಯ್ಯನವರೇ ಅಧ್ಯಕ್ಷರು. ಎರಡು ಕಡೆಯವರೂ ಬೈಯುತ್ತಿದ್ದರು. ದಕ್ಷಿಣ ಕೊರಿಯದ ಅಧ್ಯಕ್ಷ ಸಿಂಗ್‌ಮನ್ ರೀ ಭಾರತೀಯ ಸೈನಿಕರು ತಮ್ಮ ನೆಲ ತುಳಿಯಕೂಡದೆಂದು ಹಟ ಹಿಡಿದದ್ದರಿಂದ ಅವರನ್ನು ಹೆಲಿಕಾಪ್ಟರಿನಲ್ಲಿ ಎತ್ತಿ ಗಡಿವಲಯಕ್ಕೆ ಇಳಿಸಬೇಕಾಯಿತು. ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಕೈದಿಗಳನ್ನು ಕಾಯುವ ಆ ಕೆಲಸ 1954ರ ಫೆಬ್ರುವರಿಯಲ್ಲಿ ಮುಗಿಯಿತು. ಎರಡೂ ಕೊರಿಯ ಬೇಡ, ಚೀನವೂ ಬೇಡ ಎಂದ 88 ಕೈದಿಗಳು ನಮ್ಮವರ ಜೊತೆಯಲ್ಲೇ ಭಾರತಕ್ಕೆ ಬಂದರು.

ಈಗ ಆ ಉತ್ತರಪತ್ರಿಕೆಯ ವಿಷಯ. ವಿದ್ಯಾರ್ಥಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಓದಿದರೆ ಅವನಿಗೇ ತಿಳಿಯುತ್ತದೆ. ಆ ಒಂದು ಅಂಕವನ್ನು ತಿದ್ದಿ ಮೂರು ಮಾಡಿದ್ದೇನಪ್ಪಾ. ನಾಲ್ಕು ಕೊಡಲಾರೆ. ‘ಎಲ್ಲರೂ ಒಗ್ಗಟ್ಟಾಗಿದ್ದರು’ ಎಂದು ಬರೆದಿದ್ದೀಯೆ. ಒಂದು ಕುರ್ಚಿ ಖಾಲಿಯಿತ್ತು.