ಮೈಕಿಲ್ಲದ ಕಾಲದ ಗುಡುಗು

ಕುಣಿಗಲ್ ಕೆರೆಯ ಏರಿ ಹತ್ತುವಾಗ ನೀರು ಕಾಣುವ ಮೊದಲೇ ಹಾಡು ನೆನಪಾಗುತ್ತದೆ. ಈ ಊರನ್ನು ಕಣ್ಣಾರೆ ಕಾಣದವರೂ ಈ ಕೆರೆಯ ಅಂದವನ್ನು ಜನಪದ ಗೀತೆಯಲ್ಲಿ ಹಾಡಿಕೊಂಡಿದ್ದಾರೆ. ಒಂದು ಕೆರೆಗೆ ಇದಕ್ಕಿಂತ ದೊಡ್ಡ ಭಾಗ್ಯ ಇನ್ನೇನು ಬೇಕು? ಇದೇ ತುಮಕೂರು ಸೀಮೆಯಲ್ಲೇ ಕನ್ನಡದ ಅತಿ ದೊಡ್ಡ ನಾಟಕ ಕಂಪನಿಯೂ ಹುಟ್ಟಿತು. ಅದರ ಜಾಡು ಹಿಡಿದು ತುಮಕೂರು ದಾಟಿ ಗುಬ್ಬಿಗೆ ಹೋದೆ.

ತುಮಕೂರಿನಿಂದ ಗುಬ್ಬಿಗೆ ಸುಮಾರು 20 ಕಿಲೋಮೀಟರ್. ದಾರಿಯುದ್ದಕ್ಕೂ ತೆಂಗು, ಅಡಿಕೆ. ಊರು ಸಣ್ಣದು. ಆದರೆ ಚನ್ನಬಸವೇಶ್ವರ ಸ್ವಾಮಿಯ ದೇವಸ್ಥಾನದ ಮುಂದೆ ನಿಂತಾಗ ಮೈ ಜುಮ್ಮೆಂದಿತು. ಈ ದೇವರ ಹೆಸರಿಟ್ಟುಕೊಂಡೇ 1884ರಲ್ಲಿ ಆ ನಾಟಕ ಕಂಪನಿ ಶುರುವಾಯಿತು. 1891ರಲ್ಲಿ ಇದೇ ಊರಲ್ಲಿ ಹುಟ್ಟಿದ ವೀರಣ್ಣನವರು ಬಾಲನಟರಾಗಿ ಅದನ್ನು ಸೇರಿ, ಮುಂದೆ ಅದರ ಒಡೆಯರಾದರು. ಅವರ ‘ಕುರುಕ್ಷೇತ್ರ’ ನಾಟಕದಲ್ಲಿ ನಿಜವಾದ ಆನೆ, ಕುದುರೆಗಳೇ ರಂಗಕ್ಕೆ ಬರುತ್ತಿದ್ದವು! ಚಿತ್ರ ಬರೆದ ಪರದೆಗಳು, ಕಣ್ಣೆದುರೇ ಬದಲಾಗುವ ಸೀನುಗಳು, ಹಾಡು ಮುಗಿಯುತ್ತಲೇ ‘ಒನ್ಸ್ ಮೋರ್’ ಕೂಗು. ಕಂಪನಿಯ ನಟಿ ಬಿ. ಜಯಮ್ಮನವರ ಕಂಠಕ್ಕೆ ಜನ ಮರುಳಾಗಿದ್ದರು. ರಾಜ್‌ಕುಮಾರ್, ಜಿ.ವಿ. ಅಯ್ಯರ್, ಬಿ.ವಿ. ಕಾರಂತರು ಪಳಗಿದ್ದು ಇದೇ ಕಂಪನಿಯಲ್ಲಿ.

ಈಗಿನ ಸಂಗೀತದ ಅಬ್ಬರ ಬೇರೆ ಬಗೆಯದು. 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಎಂಬ ವಿದೇಶಿ ರಾಕ್ ಬ್ಯಾಂಡುಗಳು ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದಾಗ ನೆಲ ನಡುಗಿತೆಂದು ಕೇಳಿದವರು ಇಂದಿಗೂ ಹೇಳುತ್ತಾರೆ. ಅಲ್ಲಿ ಗೋಡೆಯೆತ್ತರದ ಸ್ಪೀಕರುಗಳಿದ್ದವು. ಆದರೆ ಕಂಪನಿ ನಾಟಕದ ಹಳೆಯ ದಿನಗಳಲ್ಲಿ ಮೈಕೇ ಇರಲಿಲ್ಲ. ನಟ ಎದೆ ತುಂಬ ಉಸಿರೆಳೆದು ಹಾಡಬೇಕು. ಮುಂದಿನ ಕುರ್ಚಿಯವರಿಗೆ ಕೇಳಿದಷ್ಟೇ ಸ್ಪಷ್ಟವಾಗಿ ಕಟ್ಟಕಡೆಯ ಸಾಲಿನವರಿಗೂ ಕೇಳಬೇಕು. ಜೊತೆಗೆ ಲೆಗ್ ಹಾರ್ಮೋನಿಯಂ, ತಬಲಾ, ಅಷ್ಟೇ. ಅಷ್ಟರಲ್ಲೇ ರಾತ್ರಿಯಿಡೀ ಜನ ಅಲುಗದೆ ಕೂತಿರುತ್ತಿದ್ದರು.

ಸಂಜೆ ತುಮಕೂರಿಗೆ ಮರಳಿ, ವೀರಣ್ಣನವರ ಹೆಸರಿನ ಕಲಾಕ್ಷೇತ್ರದಲ್ಲಿ ರಂಗಗೀತೆ ಕೇಳಲು ಕುಳಿತೆ. ಹಾರ್ಮೋನಿಯಂ ಮೊದಲ ಸ್ವರ ಹಿಡಿಯಿತು. ಗಾಯಕರು ಕೈಯೆತ್ತಿ, ಕಣ್ಣರಳಿಸಿ, ಪಾತ್ರವನ್ನೇ ಮೈಮೇಲೆ ತಂದುಕೊಂಡು ಹಾಡಿದರು. ತಬಲಾದ ಪೆಟ್ಟಿಗೆ ಸಭೆಯೆಲ್ಲ ತಾಳ ಹಾಕಿತು. ನನ್ನ ಪಕ್ಕದ ಹಿರಿಯರು ಪ್ರತಿ ಸಾಲನ್ನೂ ಗಾಯಕರಿಗಿಂತ ಅರೆಕ್ಷಣ ಮೊದಲೇ ತುಟಿಯಲ್ಲಿ ಆಡುತ್ತಿದ್ದರು. ಹಿಂದಿನ ಸಾಲಲ್ಲಿದ್ದ ಕಾಲೇಜು ಹುಡುಗರು ಶಿಳ್ಳೆ ಹೊಡೆದರು. ಎಷ್ಟೋ ದಶಕಗಳ ಹಳೆಯ ಮಟ್ಟುಗಳು ಇವತ್ತಿನ ಹುಡುಗರ ರಕ್ತವನ್ನೂ ಬಿಸಿ ಮಾಡಬಲ್ಲವು ಎಂಬುದನ್ನು ಕಣ್ಣೆದುರೇ ಕಂಡು ಬೆರಗಾದೆ.

ವೀರಣ್ಣನವರು 1972ರಲ್ಲಿ ತೀರಿಕೊಂಡರು. ಆನೆ ಕುದುರೆಗಳ ಆ ವೈಭವವನ್ನು ಮತ್ತೆ ಕಟ್ಟುವುದು ಸುಲಭವಲ್ಲ. ಆದರೆ ಆ ಹಾಡುಗಳನ್ನು ಕಲಿತು ಹಾಡುವವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರಿಗೆ ಬೇಕಾದದ್ದು ಕೇಳುವ ಜನ. ದೊಡ್ಡ ಬ್ಯಾಂಡು ಬಂದರೆ ಊರೂರಿಂದ ಬೆಂಗಳೂರಿಗೆ ಓಡುವ ನಾವು, ತುಮಕೂರಿನಲ್ಲಿ ರಂಗಗೀತೆ ಇದೆಯೆಂದರೆ ಬಸ್ ಹತ್ತಲೇಬೇಕು. ಮನೆಯ ಮಕ್ಕಳನ್ನೂ ಕರೆದುಕೊಂಡು ಹೋಗಿ. ಹಗಲಲ್ಲಿ ಅವರಿಗೆ ಗುಬ್ಬಿ ತೋರಿಸಿ, ರಾತ್ರಿ ಹಾಡು ಕೇಳಿಸಿ.