ಬಿಸಿನೀರಿನ ಲೆಕ್ಕ

ಗೀಸರ್ ಕೊಂಡಾಗ ಎಷ್ಟಾಯಿತು ಎಂದು ಕೇಳುವವರು ಬೇಕಾದಷ್ಟು ಜನ. ಅದರ ರಿಪೇರಿಗೆ ಎಷ್ಟು ಕೊಟ್ಟಿರಿ ಎಂದು ಕೇಳುವವರು ಕಡಿಮೆ. ಕೇಳಿದರೂ ನಿಜ ಹೇಳುವವರು ಇನ್ನೂ ಕಡಿಮೆ. ಹೆಚ್ಚು ಕೊಟ್ಟೆವೆಂದರೆ ಪೆದ್ದರಾಗುತ್ತೇವೆ. ಕಡಿಮೆ ಕೊಟ್ಟೆವೆಂದರೆ ‘ಅಯ್ಯೋ, ಡೂಪ್ಲಿಕೇಟ್ ಹಾಕಿರ್ತಾನೆ ಬಿಡಿ’ ಎಂಬ ಮಾತು ಕೇಳಬೇಕು. ಹೀಗಾಗಿ ಊರಿನಲ್ಲಿ ಚಿನ್ನದ ದರ ಎಲ್ಲರಿಗೂ ಗೊತ್ತು, ಗೀಸರಿನ ಕಾಯಿಲ್ ದರ ಯಾರಿಗೂ ಗೊತ್ತಿಲ್ಲ.

ತೀರ್ಥಹಳ್ಳಿ ಕಡೆಯ ನನ್ನ ತವರಿನಲ್ಲಿ ಈ ತೊಂದರೆ ಇರಲಿಲ್ಲ. ಬಚ್ಚಲಿನಲ್ಲಿ ಕೂರಿಸಿದ ತಾಮ್ರದ ಹಂಡೆ, ಅದರ ಕೆಳಗೆ ಒಲೆ, ಒಲೆಗೆ ಅಡಿಕೆ ಸಿಪ್ಪೆ. ಒಲೆಯ ಬಾಯಿ ಬಿರುಕು ಬಿಟ್ಟರೆ ಅಮ್ಮ ಒಂದು ಬುಟ್ಟಿ ಮಣ್ಣು ಕಲಸಿ ಮೆತ್ತುತ್ತಿದ್ದಳು. ರಿಪೇರಿ ಖರ್ಚು ಅಷ್ಟೇ. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹಂಡೆಯನ್ನು ಹುಣಸೆಹಣ್ಣು ಹಾಕಿ ಬೆಳಗಿ, ಕೊರಳಿಗೆ ಹಿಂಡಲಕಾಯಿ ಬಳ್ಳಿ ಸುತ್ತುವುದಿತ್ತು. ಹೊಗೆಗೆ ಅಮ್ಮನ ಕಣ್ಣು ಕೆಂಪಾಗುತ್ತಿದ್ದುದನ್ನು ಮಾತ್ರ ಯಾರೂ ಖರ್ಚಿನ ಲೆಕ್ಕಕ್ಕೆ ಸೇರಿಸಲಿಲ್ಲ. ಆದ್ದರಿಂದ ‘ಹಂಡೆಯ ಕಾಲವೇ ಚೆನ್ನಾಗಿತ್ತು’ ಎಂದು ಹಲುಬುವವರ ಗುಂಪಿಗೆ ನಾನು ಸೇರಿದವಳಲ್ಲ. ಸ್ವಿಚ್ಚು ಒತ್ತಿ, ಹಾಲು ಕಾಯಿಸಿ, ಚಪಾತಿ ಹಿಟ್ಟು ಕಲಸುವಷ್ಟರಲ್ಲಿ ಬಿಸಿನೀರು ಸಿದ್ಧವಾಗುವುದು ಬೆಳಿಗ್ಗೆ ಬಸ್ಸು ಹಿಡಿಯಬೇಕಾದ ಹೆಂಗಸಿಗೆ ಸಣ್ಣ ವಿಷಯವೇನಲ್ಲ.

ಮದುವೆಯಾಗಿ ಬಂದದ್ದು ತುಮಕೂರಿಗೆ. ನಮ್ಮ ಬೋರ್‌ವೆಲ್ ನೀರಿನ ಗಡಸುತನ ಏನೆಂದು ಬಯಲುಸೀಮೆಯ ಹೆಂಗಸರಿಗೆ ವಿವರಿಸಬೇಕಾಗಿಲ್ಲ. ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ತೊಳೆದಿಟ್ಟ ಸ್ಟೀಲ್ ಲೋಟದ ಮೇಲೆ ಬಿಳಿ ಕಲೆ. ಅದೇ ಬಿಳಿ ಗೀಸರಿನೊಳಗೆ ಕಾಯಿಲಿನ ಮೈಗೂ ಹತ್ತುತ್ತದೆ. ನೀರು ಹೆಚ್ಚು ಕಾದಷ್ಟೂ ಸುಣ್ಣ ಹೆಚ್ಚು ಕಟ್ಟುತ್ತದೆ. ಸುಣ್ಣದ ಪದರದೊಳಗೆ ಸಿಕ್ಕಿಕೊಂಡ ಕಾಯಿಲಿನ ಶಾಖ ನೀರಿಗೆ ಸರಿಯಾಗಿ ಇಳಿಯುವುದಿಲ್ಲ. ಕರೆಂಟು ಸುಡುತ್ತದೆ, ನೀರು ಕಾಯುವುದಿಲ್ಲ, ಕೊನೆಗೊಂದು ದಿನ ಕಾಯಿಲೇ ಸುಟ್ಟುಹೋಗುತ್ತದೆ. ನಮ್ಮ 15 ಲೀಟರಿನ ಗೀಸರಿಗೆ ಹಾಗಾದದ್ದು ಕೊಂಡ ಮೂರನೆಯ ವರ್ಷ, ಡಿಸೆಂಬರ್ ತಿಂಗಳ ಚಳಿಯಲ್ಲಿ.

ಮೊದಲು ಬಂದ ಹುಡುಗ ಬಾಗಿಲಲ್ಲಿ ನಿಂತೇ ಕೇಳಿದ: ‘ಸಾರ್ ಇಲ್ವಾ ಮೇಡಂ?’

ಇದೊಂದು ಪ್ರಶ್ನೆಗೆ ಎಷ್ಟು ರೂಪಾಯಿ ಬೆಲೆ ಎಂದು ಯಾರಾದರೂ ಲೆಕ್ಕ ಹಾಕಬೇಕು. ಸಾರ್ ಇಲ್ಲವೆಂದು ತಿಳಿದ ಕೂಡಲೇ ಆತ ಗೀಸರಿನ ಮೇಲೆ ಎರಡು ಸಲ ಬೆರಳಿನಿಂದ ಬಡಿದು, ‘ಟ್ಯಾಂಕೇ ಹೋಗಿದೆ ಮೇಡಂ, ಹೊಸದು ತಗೊಳ್ಳಿ, ನಾನೇ ಕೊಡಿಸ್ತೀನಿ, 9,000’ ಎಂದ. ಒಂದು ಸ್ಕ್ರೂ ಕೂಡ ಬಿಚ್ಚಿರಲಿಲ್ಲ. ‘ಟ್ಯಾಂಕ್ ಹೋಗಿದ್ದರೆ ನೀರು ಸೋರಬೇಕಲ್ಲಪ್ಪ?’ ಎಂದೆ. ಸುರಕ್ಷತೆಯ ವಾಲ್ವಿನಿಂದ ತೊಟ್ಟಿಕ್ಕುತ್ತಿದ್ದ ಹನಿಗಳನ್ನು ತೋರಿಸಿದ. ನೀರು ಕಾದು ಹಿಗ್ಗಿದಾಗ ಆ ವಾಲ್ವಿನಿಂದ ನಾಲ್ಕು ಹನಿ ಬೀಳುವುದು ಸಹಜ, ಅದು ಇರುವುದೇ ಅದಕ್ಕೆ. ಹನಿ ನಿಲ್ಲದೆ ಬೀಳುತ್ತಿದ್ದರೆ ಮಾತು ಬೇರೆ. ಅವನಿಗೆ ಕಾಫಿ ಕೊಟ್ಟು ಕಳಿಸಿದೆ.

ಬಸ್ ಸ್ಟ್ಯಾಂಡಿನ ಹತ್ತಿರ ಸಣ್ಣ ಅಂಗಡಿ ಇಟ್ಟುಕೊಂಡಿರುವ ವಯಸ್ಸಾದ ಮೇಸ್ತ್ರಿಯೊಬ್ಬರು ಸಂಜೆ ಬಂದರು. ಮೇನ್ ಆಫ್ ಮಾಡಿ, ನೀರು ಖಾಲಿ ಮಾಡಿ, ಕೆಳಗಿನ ಮುಚ್ಚಳ ಬಿಚ್ಚಿ ಕಾಯಿಲ್ ಹೊರಗೆಳೆದರು. ಬಿಳಿ ಸುಣ್ಣದ ಗೂಡು. ಒಳಗೊಂದು ಲೋಹದ ಕೊಳವೆ ಇದೆ ಎಂದು ಹೇಳಿದರೇ ನಂಬಬೇಕು. ಒಂದು ಬದಿ ಬಿರಿದಿತ್ತು. ಪಕ್ಕದಲ್ಲೇ ಪೆನ್ಸಿಲ್ ತುಂಡಿನಂತೆ ಸವೆದ ಇನ್ನೊಂದು ಸರಳು. ಅದು ಮೆಗ್ನೀಷಿಯಂ. ಟ್ಯಾಂಕಿಗೆ ತುಕ್ಕು ಹತ್ತದಿರಲೆಂದು ತಾನು ಮೊದಲು ಕರಗುವುದೇ ಅದರ ಕೆಲಸವಂತೆ. (ಮನೆಗಳಲ್ಲಿ ಇಂಥ ಸರಳು ಯಾರೆಂದು ನಾವು ಹೆಂಗಸರು ಸುಲಭವಾಗಿ ಹೇಳಬಲ್ಲೆವು.) ಅದು ಪೂರ್ತಿ ಕರಗಿದ ಮೇಲೆ ತುಕ್ಕು ಟ್ಯಾಂಕಿಗೆ ಹಿಡಿಯುತ್ತದೆ. ಟ್ಯಾಂಕ್ ತೂತಾದರೆ ಬೆಸುಗೆ ನಿಲ್ಲುವುದಿಲ್ಲ, ಆಗ ನಿಜಕ್ಕೂ ಹೊಸದೇ ಗತಿ. ನಮ್ಮ ನೀರಿಗೆ ವರ್ಷಕ್ಕೊಮ್ಮೆ ಬಿಚ್ಚಿ ನೋಡಿಸಬೇಕೆಂದರು.

ಬಿಲ್ ಕೇಳಿ ಬರೆಸಿಕೊಂಡೆ. ಬಂದು ನೋಡಿದ್ದಕ್ಕೆ 300, ಕಾಯಿಲ್ 850, ರಬ್ಬರ್ ವಾಷರ್ 60, ಮೆಗ್ನೀಷಿಯಂ ಸರಳು 350, ಸುಣ್ಣ ಕೆರೆದು ಟ್ಯಾಂಕ್ ತೊಳೆದದ್ದಕ್ಕೆ 400. ಒಟ್ಟು 1,960. ಹಳೆಯ ಕಾಯಿಲನ್ನು ನಮ್ಮಲ್ಲೇ ಬಿಡಿ ಎಂದೆ. ಅವರು ನಕ್ಕರು, ಬಿಟ್ಟರು.

ಆ ಮೇಲೆ ನಡೆದದ್ದೇ ಮುಖ್ಯ. ಎಲ್ಲ ಜೋಡಿಸಿ ಆದ ಮೇಲೆ ಅವರು ಒಂದು ಬಲ್ಬಿಗೆ ಎರಡು ವೈರು ಕಟ್ಟಿ, ಒಂದನ್ನು ಸಾಕೆಟ್ಟಿನ ಫೇಸಿಗೂ ಇನ್ನೊಂದನ್ನು ಮೇಲಿನ ದೊಡ್ಡ ತೂತಿಗೂ ಹಿಡಿದರು. ಬಲ್ಬು ಹತ್ತಲಿಲ್ಲ. ಬೋರ್ಡು ಬಿಚ್ಚಿ ನೋಡಿದರೆ ಆ ತೂತಿಗೆ ವೈರೇ ಇಲ್ಲ! ಮನೆಗೆ ವೈರಿಂಗ್ ಮಾಡಿದವರು ಅರ್ಥಿಂಗನ್ನು ಅಲಂಕಾರಕ್ಕೆ ಬಿಟ್ಟುಹೋಗಿದ್ದರು. ‘ಅಮ್ಮಾ, ಇಲ್ಲಿ ಯಾರಿಗೂ ಶಾಕ್ ಹೊಡೀಲಿಲ್ವಾ?’ ಎಂದರು ಮೇಸ್ತ್ರಿ.

ನಡುಮನೆಯಲ್ಲಿ ಕೂತಿದ್ದ ಅತ್ತೆ ಆಗ ಬಾಯಿಬಿಟ್ಟರು. ‘ನಲ್ಲಿ ಮುಟ್ಟಿದ್ರೆ ಬೆರಳು ಜುಂ ಅನ್ನೋದು ಕಣಮ್ಮ. ಸಕ್ಕರೆ ಕಾಯಿಲೆ ಇರೋರಿಗೆ ಹಂಗೇ ಆಗುತ್ತೆ ಅಂತ ಸುಮ್ನಿದ್ದೆ.’

ನನಗೆ ಕೈಕಾಲು ತಣ್ಣಗಾಯಿತು. ಕಾಯಿಲಿನ ಹೊರಕವಚ ಬಿರಿದರೆ ಕರೆಂಟು ನೀರಿಗೂ ಟ್ಯಾಂಕಿನ ಮೈಗೂ ಸೋರುತ್ತದೆ. ಅರ್ಥಿಂಗ್ ಇದ್ದರೆ ಅದು ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತವರ ಮೂಲಕ ಹೋಗುತ್ತದೆ. ಎಪ್ಪತ್ತು ದಾಟಿದ ಜೀವ, ಇನ್ನೊಬ್ಬರಿಗೆ ತೊಂದರೆ ಕೊಡಬಾರದೆಂದು ಅದನ್ನೂ ಸಕ್ಕರೆ ಕಾಯಿಲೆಯ ಖಾತೆಗೆ ಬರೆದುಕೊಂಡು ಸುಮ್ಮನಿತ್ತು.

ಹಿತ್ತಿಲಲ್ಲಿ ಹೊಸ ಗುಂಡಿ ತೋಡಿ, ಪೈಪು ಇಳಿಸಿ, ಇದ್ದಿಲು, ಉಪ್ಪು ತುಂಬಿ ಅರ್ಥಿಂಗ್ ಮಾಡಿಸಿದ್ದಕ್ಕೆ 3,200. ಮೀಟರ್ ಬೋರ್ಡಿನ ಹತ್ತಿರ ಆರ್‌ಸಿಸಿಬಿ ಎಂಬ ಸ್ವಿಚ್ಚು ಕೂರಿಸಿದ್ದಕ್ಕೆ 2,300. ಯಜಮಾನರು ಗೊಣಗಿದರು: ‘ನೀರು ಕಾಯಿಸದ ಸಾಮಾನಿಗೆ 5,500!’ ಅಲ್ಲಿ ಮೊದಲೇ ಒಂದು ಎಂಸಿಬಿ ಇತ್ತಲ್ಲ, ಇದೇಕೆ ಎಂಬುದು ಅವರ ವಾದ. ಅದಕ್ಕೂ ಇದಕ್ಕೂ ವ್ಯತ್ಯಾಸವಿದೆ. ನಮ್ಮ 2,000 ವಾಟ್ ಗೀಸರು ತಾನೇ ಒಂಬತ್ತು ಆಂಪಿಯರಿನಷ್ಟು ಎಳೆಯುತ್ತದೆ. ಅದಕ್ಕೆ ಹಾಕಿದ 16 ಆಂಪಿಯರಿನ ಎಂಸಿಬಿಗೆ ಮನುಷ್ಯನ ಮೈಯಲ್ಲಿ ಹರಿಯುವ ಚೂರು ಕರೆಂಟು ಲೆಕ್ಕಕ್ಕೇ ಬರುವುದಿಲ್ಲ. ಆರ್‌ಸಿಸಿಬಿಯಾದರೆ ಹೋದ ಕರೆಂಟೂ ಬಂದ ಕರೆಂಟೂ ಸಮವಿಲ್ಲ ಎಂದು ಗೊತ್ತಾದೊಡನೆ ಕಡಿಯುತ್ತದೆ. ಮನೆಗಳಿಗೆ ಹಾಕುವುದು 30 ಮಿಲಿಆಂಪಿಯರಿನದು. ಅದರ ಮೇಲೊಂದು ‘ಟೆಸ್ಟ್’ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ ನೋಡುವುದನ್ನು ನಾನು ಅಮಾವಾಸ್ಯೆಗೆ ಗುರುತು ಮಾಡಿಕೊಂಡಿದ್ದೇನೆ.

ಗ್ಯಾರಂಟಿ ಕಾರ್ಡಿನ ಬಗ್ಗೆ ಒಂದು ಮಾತು. ಟ್ಯಾಂಕಿಗೆ ಒಂದು ಅವಧಿ, ಕಾಯಿಲಿಗೆ ಒಂದು, ಉಳಿದದ್ದಕ್ಕೆ ಮತ್ತೊಂದು ಎಂದು ಬೇರೆ ಬೇರೆ ಇರುತ್ತದೆ. ಅಂಗಡಿಯವರು ದೊಡ್ಡ ಅಂಕಿಯನ್ನು ಮಾತ್ರ ಓದಿ ಹೇಳುತ್ತಾರೆ. ಬಿಲ್ಲು, ಕಾರ್ಡು ಎರಡೂ ಬೀರುವಿನಲ್ಲಿರಲಿ. ಅವಧಿಯೊಳಗೆ ಕೆಟ್ಟು ಕಂಪನಿಯವರು ಸತಾಯಿಸಿದರೆ 1915ಕ್ಕೆ ಫೋನ್ ಮಾಡಬಹುದು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕೈಯಲ್ಲಿ ಬಿಲ್ಲಿಲ್ಲದೆ ಅವರೊಡನೆ ವಾದ ಹೂಡುವುದು ಕಷ್ಟ.

ಕರೆಂಟಿನ ಸಹವಾಸವೇ ಬೇಡವೆಂದು ಗ್ಯಾಸ್ ಗೀಸರಿಗೆ ಬದಲಾಯಿಸುವವರಿದ್ದಾರೆ. ಅದನ್ನು ಸ್ನಾನದ ಕೋಣೆಯೊಳಗೆ ಮಾತ್ರ ಹಾಕಿಸಬೇಡಿ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಗ್ಯಾಸು ಸರಿಯಾಗಿ ಉರಿಯದೆ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಸ್ನಾನಕ್ಕೆ ಹೋದವರು ಹೊರಗೆ ಬಾರದ ಸುದ್ದಿಗಳನ್ನು ಪತ್ರಿಕೆಗಳಲ್ಲಿ ಓದಿಯೇ ಇರುತ್ತೀರಿ.

ನನ್ನ 1,960ರ ಲೆಕ್ಕವನ್ನು ಶಾಲೆಯ ಸ್ಟಾಫ್ ರೂಮಿನಲ್ಲಿ ಬಾಯಿಬಿಟ್ಟು ಹೇಳಿದೆ. ಅಂದಿನಿಂದ ಒಬ್ಬೊಬ್ಬರೇ ತಮ್ಮದನ್ನೂ ಹೇಳತೊಡಗಿದರು. ಅಂಥದ್ದೇ ಕಾಯಿಲಿಗೆ ಒಬ್ಬರು 600 ಕೊಟ್ಟಿದ್ದಾರೆ, ಇನ್ನೊಬ್ಬರು 2,200. 2,200 ಕೊಟ್ಟವರು ಗಣಿತದ ಮೇಡಂ, ಅವರ ಮನೆಯಲ್ಲೂ ಅಂದು ಸಾರ್ ಇರಲಿಲ್ಲ. ಕಳೆದ ವಾರ ಅವರು ನಮ್ಮ ಮೇಸ್ತ್ರಿಯನ್ನು ಕರೆಸಿ ಬಲ್ಬು ಹಿಡಿಸಿ ನೋಡಿದರಂತೆ. ಅಲ್ಲೂ ಹತ್ತಲಿಲ್ಲ.