ಅರಿಸಿನದ ಸಾಕ್ಷ್ಯ

ಬಣ್ಣವನ್ನು ನಾವು ವಸ್ತುವಿನ ಸ್ವಂತ ಆಸ್ತಿಯೆಂದು ತಿಳಿದಿದ್ದೇವೆ. ಎಲೆ ಹಸಿರು, ಅರಿಸಿನ ಹಳದಿ ಎಂದು ಹೇಳಿ ಮುಗಿಸುತ್ತೇವೆ. ವಿಜ್ಞಾನಿಗಳ ಲೆಕ್ಕ ಬೇರೆ. ಬಿಳಿಯ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಅಡಗಿವೆ. ಅರಿಸಿನವು ಅವುಗಳಲ್ಲಿ ನೇರಳೆ, ನೀಲಿಗಳನ್ನು ನುಂಗಿ ಮಿಕ್ಕದ್ದನ್ನು ಬಿಟ್ಟುಕೊಡುತ್ತದೆ. ಆ ಮಿಕ್ಕದ್ದೇ ನಮ್ಮ ಕಣ್ಣಿಗೆ ಹಳದಿ. ಅಂದರೆ ನಾವು ಕಾಣುವುದು ವಸ್ತುವು ಉಂಡು ಬಿಟ್ಟದ್ದನ್ನು. ಉಂಡದ್ದೆಷ್ಟು ಎಂದು ಅಳೆಯುವ ಯಂತ್ರವೊಂದುಂಟು. ಅದರ ಹೆಸರು ಸ್ಪೆಕ್ಟ್ರೋಫೋಟೋಮೀಟರ್. ಕನ್ನಡದಲ್ಲಿ ರೋಹಿತಮಾಪಕ ಎನ್ನಬಹುದು.

ಚರಿತ್ರೆಯ ವಿದ್ಯಾರ್ಥಿಯಾದ ನನಗೆ ಅದರ ದರ್ಶನವಾದದ್ದು ರಸಾಯನಶಾಸ್ತ್ರದಲ್ಲಿ ಎಂ.ಎಸ್‌ಸಿ. ಓದುತ್ತಿರುವ ಅಕ್ಕನ ದಯೆಯಿಂದ. ಅಂಗಡಿಯ ಅರಿಸಿನದ ಹೊಳಪು ಅತಿಯಾಯಿತೆಂದು ಅಮ್ಮನಿಗೆ ಅನುಮಾನ. ಆ ಪುಡಿಯದೊಂದು, ಮನೆಯಲ್ಲಿ ಕುಟ್ಟಿದ್ದರದೊಂದು, ಹೀಗೆ ಎರಡು ಪೊಟ್ಟಣ ಕಟ್ಟಿಕೊಂಡು ಅವಳ ಪ್ರಯೋಗಶಾಲೆಗೆ ಹೋದೆ.

ಯಂತ್ರವು ಹಾರ್ಮೋನಿಯಂ ಪೆಟ್ಟಿಗೆಯಷ್ಟಿತ್ತು. ಅದರೊಳಗೆ ಬೆಳಕನ್ನು ಬಿಡಿಸಿ, ಒಂದೊಂದೇ ಬಣ್ಣವನ್ನು 1 ಸೆಂಟಿಮೀಟರ್ ಅಗಲದ ಪುಟ್ಟ ಪಾತ್ರೆಯ ಮೂಲಕ ಹಾಯಿಸುತ್ತಾರೆ. ಸುಮಾರು 400 ನ್ಯಾನೊಮೀಟರಿಗಿಂತ ಕೆಳಗಿನದು ಕಣ್ಣಿಗೆ ಕಾಣದ ಅತಿನೇರಳೆ. 1801ರಲ್ಲಿ ರಿಟ್ಟರ್ ಎಂಬ ಜರ್ಮನ್ ವಿಜ್ಞಾನಿ ಅದನ್ನು ಕಂಡುಹಿಡಿದನು. ಸಾಮಾನ್ಯ ಗಾಜು ಅದರ ಬಹುಭಾಗವನ್ನು ತಾನೇ ನುಂಗುವುದರಿಂದ ಕ್ವಾರ್ಟ್ಸಿನ ಪಾತ್ರೆ ಬೇಕು.

ಅಕ್ಕ ಚಿಟಿಕೆ ಪುಡಿಯನ್ನು ಮದ್ಯಸಾರದಲ್ಲಿ ಕಲಕಿ, ಸೋಸಿ, ತಿಳಿಯನ್ನು ಬಹಳ ತೆಳುವಾಗಿಸಿ ಇಟ್ಟಳು. ತೆರೆಯ ಮೇಲೆ ಒಂದು ಗುಡ್ಡ ಮೂಡಿತು. ಅದರ ತುದಿ 425ರ ಬಳಿ. ಅರಿಸಿನದ ಬಣ್ಣವಾದ ಕರ್ಕ್ಯುಮಿನ್ನಿನ ಗುರುತು ಅದು. ಗುಡ್ಡದ ಎತ್ತರ 1 ಎಂದರೆ ಬೆಳಕಿನ ಹತ್ತರಲ್ಲೊಂದು ಪಾಲು ಮಾತ್ರ ಪಾರಾಗಿದೆ; 2 ಎಂದರೆ ನೂರರಲ್ಲೊಂದು. ತೆಳು ದ್ರಾವಣದಲ್ಲಿ ಬಣ್ಣದ ಪ್ರಮಾಣ ಇಮ್ಮಡಿಯಾದರೆ ಎತ್ತರವೂ ಇಮ್ಮಡಿ. ಈ ನಿಯಮವು ಬಿಯರ್ ಮತ್ತು ಲ್ಯಾಂಬರ್ಟರ ಹೆಸರಿನಲ್ಲಿದೆ. ಬಳಿಕ ಒಂದು ತೊಟ್ಟು ಸುಣ್ಣದ ತಿಳಿ ಬಿಟ್ಟಳು. ದ್ರಾವಣ ಕೆಂಪೇರಿತು, ಗುಡ್ಡವು ಹಸಿರಿನ ಕಡೆಗೆ ಜರುಗಿತು. ಆರತಿ ತಟ್ಟೆಯ ಓಕುಳಿಯನ್ನು ನೂರು ಸಲ ಕಂಡಿದ್ದೆ. ಅದರ ಜಾತಕವನ್ನು ಕಂಡದ್ದು ಅಂದೇ.

ಎರಡು ಪುಡಿಗಳ ಗುಡ್ಡಗಳೂ ಅವಳಿಜವಳಿಗಳಂತಿದ್ದವು.

“ಹಾಗಾದರೆ ಅಂಗಡಿಯದೂ ಶುದ್ಧವೇ, ಅಕ್ಕ?”

“ನಾನೆಲ್ಲಿ ಹಾಗೆಂದೆ? ಸೀಸದ ಕ್ರೋಮೇಟ್ ಬೆರೆಸಿದ್ದರೆ ಅದು ಮದ್ಯಸಾರದಲ್ಲಿ ಕರಗುವುದಿಲ್ಲ, ಸೋಸುಕಾಗದದ ಮೇಲೇ ಉಳಿಯುತ್ತದೆ. ಪಾತ್ರೆಯೊಳಕ್ಕೆ ಬಾರದ್ದರ ವಿಚಾರದಲ್ಲಿ ಈ ಯಂತ್ರ ಹೇಗೆ ಸಾಕ್ಷಿ ಹೇಳೀತು? ಸೀಸ ಅಳೆಯುವ ಯಂತ್ರ ಬೇರೆ ಇದೆ. ಅದರ ಉತ್ತರ ಬರುವವರೆಗೆ ಆ ಡಬ್ಬಿಯನ್ನು ಮುಟ್ಟಬೇಡವೆಂದು ಅಮ್ಮನಿಗೆ ಹೇಳು.”

ಇದು ಕಲ್ಪನೆಯ ಭಯವಲ್ಲ. ಬಾಂಗ್ಲಾದೇಶದಲ್ಲಿ ಅರಿಸಿನದ ಕೊನೆಗಳಿಗೆ ಹೊಳಪು ಬರಲೆಂದು ಇದೇ ವಿಷವನ್ನು ಬಳಿಯುತ್ತಿದ್ದುದು 2019ರಲ್ಲಿ ಪ್ರಕಟವಾದ ಸಂಶೋಧನೆಯಿಂದ ಬಯಲಾಯಿತು. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಯನ್ನೇ ಕೆಡಿಸುತ್ತದೆ.

ಚರಿತ್ರೆಯವರಾದ ನಮಗೂ ಇಲ್ಲಿ ಪಾಠವುಂಟು. ದಾನಶಾಸನವು ಕೊಟ್ಟವನ ಹೆಸರನ್ನೂ ಕೊಟ್ಟ ಗದ್ದೆಯ ಎಲ್ಲೆಯನ್ನೂ ಹೇಳುತ್ತದೆ. ಆ ಗದ್ದೆಯನ್ನು ಉತ್ತವನ ಹೊಟ್ಟೆ ತುಂಬಿತ್ತೇ ಎಂದು ಅದನ್ನು ಯಾರೂ ಕೇಳಲಿಲ್ಲ. ಹಾಗೆಂದು ಶಾಸನ ಸುಳ್ಳಲ್ಲ, ಯಂತ್ರವೂ ಸುಳ್ಳಲ್ಲ. ಕೇಳಿದಷ್ಟಕ್ಕೆ ಉತ್ತರ ಕೊಡುವುದು ಸಾಕ್ಷಿಯ ಧರ್ಮ. ಸೋಸುಕಾಗದದ ಮೇಲೆ ಉಳಿದದ್ದೇನೆಂದು ನೋಡುವುದು ವಿಚಾರಿಸುವವನ ಧರ್ಮ.